ಕೆಳಬಾಗಿಲಿನ ಗೆರೆ

ವೈಡೆನ್‌ಫುರ್ಟ್, ೧೮ ಜನವರಿ ೧೭೮೪

ಅಣ್ಣ ಕಿಲಿಯಾನನಿಗೆ,

ನಾವೆಲ್ಲ ಬದುಕಿದ್ದೇವೆ. ನಿನ್ನ ತೋಪು ನಮ್ಮ ಜೀವ ತೆಗೆಯಲಿಲ್ಲ, ಮಾನ ಮಾತ್ರ ತೆಗೆಯಿತು. ಗುರುವಾರ ಬೆಳಿಗ್ಗೆ ಮೂರು ಏಟು ಕೇಳಿದ್ದೇ ತಡ, ಮೀನುಗಾರರ ಓಣಿಯ ಬಾಗಿಲುಗಳನ್ನೆಲ್ಲ ಬಡಿದುಕೊಂಡು ಓಡಿದವಳು ನಾನು. "ಏಳ್ರೋ, ಮೇಲೆ ನದಿಯ ಮಂಜುಗಡ್ಡೆ ಒಡೀತು, ನೀರು ಬರುತ್ತೆ, ನಮ್ಮಣ್ಣ ತೋಪು ಹೊಡೀತಿದಾನೆ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಹಾಸಿಗೆ, ತೊಟ್ಟಿಲು, ಹಂದಿ, ಕೋಳಿ ಎಲ್ಲವನ್ನೂ ಹೊತ್ತುಕೊಂಡು ಇಡೀ ಓಣಿ ಚರ್ಚಿನ ದಿಬ್ಬ ಹತ್ತಿತು. ಸಂಜೆಯವರೆಗೆ ಹಿಮದಲ್ಲಿ ನಡುಗುತ್ತ ನಿಂತೆವು. ನದಿ ಎಲ್ಲಿತ್ತೋ ಅಲ್ಲೇ ಮಲಗಿತ್ತು. ಮಂಜುಗಡ್ಡೆಯಲ್ಲಿ ಒಂದು ಬಿರುಕೂ ಇಲ್ಲ.

ನಮ್ಮ ಪಕ್ಕದ ಮನೆಯ ಬಾಲ್ಟಸ್ ಗೊತ್ತಲ್ಲ, ಬುಟ್ಟಿ ಹೆಣೆಯುವವನು, ಅವನು ಎಲ್ಲರ ಎದುರಿಗೇ ಕೇಳಿದ: "ಏನಮ್ಮಾ, ನಿಮ್ಮ ಪೋಪಪ್ಪಂಗೆ ಆಕಳಿಕೆ ಬಂದ್ರೂ ನಿಮ್ಮಣ್ಣ ತೋಪು ಹೊಡೀತಾನಾ? ನನ್ನ ಹಂದಿಗೆ ನೆಗಡಿ ಹತ್ತಿದೆ, ಅವನ್ಗೇ ಬಂದು ಮೂಗು ಒರೆಸೋಕೆ ಹೇಳು." ದಿಬ್ಬದ ಮೇಲಿದ್ದವರೆಲ್ಲ ನಕ್ಕರು. ನನ್ನ ಗಂಡ ಯೋಸ್ಟ್ ಕೂಡ ನಕ್ಕ. ನನಗೆ ಉರಿದದ್ದು ಅದಕ್ಕೇ.

ಪೋಪಿನ ಪಂಥದ ನಮ್ಮ ಮನೆಯಿಂದ ಲೂಥರನ ಪಂಥದ ಈ ಊರಿಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಯಿತು. ಅಪ್ಪ ಸಾಯುವವರೆಗೆ ನನ್ನ ಮುಖ ನೋಡಲಿಲ್ಲ. ಇವರೋ, ಇವತ್ತಿಗೂ ನನ್ನನ್ನು "ಮೇಲೂರಿನವಳು" ಅನ್ನುತ್ತಾರೆ. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ನನಗೆ ಉಳಿದಿರುವುದು ನೀನೊಬ್ಬ, ನೀನೂ ಹೀಗೆ ಮಾಡಿದರೆ ಹೇಗೆ?

ಹೊಸ ವರ್ಷದ ದಿನ ಮಗಳು ತೀಲಿಯನ್ನು ಊರಿನ ಕೆಳಬಾಗಿಲಿಗೆ ಒರಗಿಸಿ ನಿಲ್ಲಿಸಿದೆವು. ನಮ್ಮೂರಿನ ಚರಿತ್ರೆ ಇರುವುದೆಲ್ಲ ಆ ಬಾಗಿಲಿನ ಕಲ್ಲಿನ ಮೇಲೇ ತಾನೆ, ನದಿ ಊರೊಳಗೆ ಬಂದ ವರ್ಷಕ್ಕೊಂದು ಗೆರೆ. ಮಕ್ಕಳ ಎತ್ತರ ನೋಡುವುದಕ್ಕೂ ನಮಗೆ ಅದೇ ಅಳತೆಗೋಲು. ನಿನ್ನ ಸೋದರಸೊಸೆ ಈ ವರ್ಷ ೧೬೮೨ರ ಗೆರೆ ಮುಟ್ಟಿದಳು. "ಅಮ್ಮ, ಆ ಮೇಲಿನ ಗೆರೆಗೆ ಯಾವಾಗ ಬರ್ತೀನಿ?" ಅಂತ ಕೇಳಿದಳು. ಅದು ೧೩೪೨ರದು, ನೋಡಬೇಕಾದರೆ ಏಣಿ ಬೇಕು. ಕೆತ್ತಿದ ಕಲ್ಲುಕುಟಿಗ ಕುಡಿದಿದ್ದ ಅಂತ ಇಲ್ಲಿ ಎಲ್ಲರೂ ಹೇಳುವುದು. "ರಾಕ್ಷಸಿ ಆದ್ಮೇಲೆ ಬರ್ತೀಯ, ಈಗ ಗಂಜಿ ಕುಡಿ" ಅಂದೆ.

ಇನ್ನು ಮೇಲೆ ಕಣ್ಣುಬಿಟ್ಟು ನೋಡಿ ಹೊಡಿ.

ನಿನ್ನ ತಂಗಿ,
ಬುರ್ಗಲ್

ಆಶ್‌ಬರ್ಗ್, ೨೫ ಜನವರಿ ೧೭೮೪

ತಂಗಿ ಬುರ್ಗಲ್‌ಗೆ,

ನಿನ್ನ ಕಾಗದವನ್ನು ಮೊಟ್ಟೆ ಮಾರುವ ಕುನಿ ಬುಟ್ಟಿಯ ತಳದಿಂದ ತೆಗೆದುಕೊಟ್ಟಳು. ಒಂದು ಮೂಲೆಯಲ್ಲಿ ಹಳದಿ ಅಂಟಿತ್ತು, ಉಳಿದ ಕಡೆಯೆಲ್ಲ ನಿನ್ನ ಸಿಟ್ಟು ಅಂಟಿತ್ತು.

ಗುಡ್ಡ ಅಗೆದು ಇಲಿ ಹಿಡಿದೆ ಅನ್ನುತ್ತೀಯ, ಅನ್ನು. ಆದರೆ ಗೋಪುರದ ಮೇಲೆ ನಿಂತವನು ನಾನು. ಗಿರಣಿಯ ಮೇಲ್ಗಡೆ ಮಂಜುಗಡ್ಡೆ ಸೀಳಿದ ಸದ್ದನ್ನು ಈ ಕಿವಿಯಿಂದ ಕೇಳಿದೆ. ಅದು ನಡುಗಡ್ಡೆಗೆ ಬಂದು ಸಿಕ್ಕಿಕೊಂಡು ನಿಂತಿತು. ನಿಲ್ಲದಿದ್ದರೆ? ಬಾಲ್ಟಸನೂ ಅವನ ಹಂದಿಯೂ ಒಂದೇ ದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಿದ್ದರು, ಹುಟ್ಟು ಹಾಕುವುದು ಹಂದಿಯೇ ಆಗುತ್ತಿತ್ತು. ಹಾಗಂತ ಅವನಿಗೆ ಹೇಳು.

ನಮ್ಮ ಗುರುತು ಬದಲಾಗಿಲ್ಲ. ಮೂರು ಏಟು, ಒಂದೊಂದು ಏಟಿನ ನಡುವೆ ಒಂದು 'ಪರಲೋಕದ ತಂದೆ' ಪ್ರಾರ್ಥನೆ ಹೇಳುವಷ್ಟು ಬಿಡುವು. ನಿಮ್ಮವರು ಅದೇ ಪ್ರಾರ್ಥನೆಗೆ ಕೊನೆಯಲ್ಲಿ ಬಾಲ ಸೇರಿಸುತ್ತಾರೆ, ನಾನು ಬಾಲ ಬಿಟ್ಟು ಹೇಳುತ್ತೇನೆ. ವ್ಯತ್ಯಾಸ ಅಷ್ಟೇ.

ಈ ವರ್ಷ ನದಿ ತಳದವರೆಗೆ ಹೆಪ್ಪುಗಟ್ಟಿದೆ ಅಂತ ನಮ್ಮ ಮೀನುಗಾರರು ಹೇಳುತ್ತಾರೆ. ನನಗೆ ಭಯವಿದೆ ಬುರ್ಗಲ್. ನಗುವವರು ನಗಲಿ. ತೋಪು ಕೇಳಿದರೆ ನೀನು ಮಗುವನ್ನು ಎತ್ತಿಕೊಂಡು ಓಡು.

ಕಿಲಿಯಾನ್

ವೈಡೆನ್‌ಫುರ್ಟ್, ೮ ಫೆಬ್ರವರಿ ೧೭೮೪

ಅಣ್ಣನಿಗೆ,

ಬಾಲ್ಟಸನಿಗೆ ನಿನ್ನ ಮಾತು ಹೇಳಿದೆ. "ನನ್ನ ಹಂದಿ ನನಗಿಂತ ಚೆನ್ನಾಗಿ ದೋಣಿ ನಡೆಸುತ್ತೆ ಬಿಡು" ಅಂದ. ಕೆಟ್ಟವನೇನಲ್ಲ, ನಾಲಿಗೆಗೆ ಮೂಳೆಯಿಲ್ಲ ಅಷ್ಟೆ.

ನದಿಯ ಮೇಲೆ ಈಗ ಗಾಡಿ ಓಡಾಡುತ್ತಿವೆ. ಪೀಪಾಯಿ ಮಾಡುವವರು ಹೊಳೆಯ ನಟ್ಟನಡುವೆ ಬೆಂಕಿ ಹಾಕಿಕೊಂಡು ಒಂದು ಪೀಪಾಯಿಯನ್ನೇ ಕಟ್ಟಿದರು, ಮೊಮ್ಮಕ್ಕಳಿಗೆ ತೋರಿಸುವುದಕ್ಕಂತೆ. ಅಂಬಿಗನಾದ ಯೋಸ್ಟನಿಗೆ ಕೆಲಸವಿಲ್ಲ. ದಡದ ಮೇಲೆ ದೋಣಿಯನ್ನು ಮಗುಚಿ ಹಾಕಿ ಅದರ ಬೆನ್ನಿಗೆ ಡಾಂಬರು ಬಳಿಯುತ್ತ ಕೂತಿರುತ್ತಾನೆ. ತೀಲಿಗೆ ಕೆಮ್ಮು. ರಾತ್ರಿಯೆಲ್ಲ ಬೊಗಳಿದ ಹಾಗೆ ಕೆಮ್ಮುತ್ತಾಳೆ, ಎದ್ದರೆ ಮಾತ್ರ ಬಾಯಿಗೆ ಬಿಡುವಿಲ್ಲ.

ಒಂದು ವಿಷಯ ನಿನಗೆ ಹೇಳಬೇಕು. ಕಳೆದ ವಾರ ಓಣಿಯ ಗಂಡಸರು ಮನೆಗೆ ಬಂದಿದ್ದರು. ನನ್ನ ಜೊತೆ ಮಾತಾಡಲಿಲ್ಲ, ಯೋಸ್ಟನ ಜೊತೆ ಮಾತಾಡಿದರು. "ನಿನ್ನ ಹೆಂಡ್ತಿ ಇನ್ನೊಂದ್ಸಲ ಸುಮ್ಸುಮ್ನೆ ಊರೆಬ್ಬಿಸಿದ್ರೆ ಊರೊಲೆಯಲ್ಲಿ ಅವಳ ಸರದಿ ಇರಲ್ಲ" ಅಂದರು. ನಮ್ಮ ಕಡೆ ಯಾರ ಮನೆಯಲ್ಲೂ ರೊಟ್ಟಿ ಸುಡುವ ಒಲೆ ಇಲ್ಲ, ನಿನಗೆ ಗೊತ್ತು. ಚರ್ಚಿನ ದಿಬ್ಬದ ಮೇಲಿನ ಒಲೆಮನೆಯಲ್ಲಿ ವಾರಕ್ಕೊಂದು ಸಲ ರೊಟ್ಟಿ ಸುಡಬೇಕು. ನನ್ನದು ಮಂಗಳವಾರ. ಐದು ವರ್ಷ ಕಾದು ಸಿಕ್ಕ ಸರದಿ. ಅದು ಸಿಕ್ಕ ದಿನವೇ ನಾನು ಈ ಊರಿನವಳಾದೆ ಅಂದುಕೊಂಡದ್ದು.

ಈಗ ನಿಮ್ಮ ವೇಷದ ಮಂಗಳವಾರ ಬರುತ್ತಿದೆ. ಉಪವಾಸ ಹಿಡಿಯುವ ಮುಂಚಿನ ದಿನ ನಿಮ್ಮವರು ಕುಡಿದು ಕುಣಿದು ಗೋಪುರದ ತೋಪು ಹೊಡೆಯುವುದು ನನಗೆ ಮರೆತಿಲ್ಲ. ಅವತ್ತು ಸದ್ದು ಕೇಳಿದರೆ ನಾನೇನು ಮಾಡಲಿ? ಓಡಲೋ, ಕೂರಲೋ? ಸ್ಪಷ್ಟವಾಗಿ ಬರೆ.

ಬುರ್ಗಲ್

ಆಶ್‌ಬರ್ಗ್, ೨೦ ಫೆಬ್ರವರಿ ೧೭೮೪

ಪ್ರೀತಿಯ ಬುರ್ಗಲ್,

ಇದನ್ನು ಕುನಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಡುವೆ ಗಿರಣಿಯಲ್ಲಿ ಕುಡಿಯುತ್ತ ಕೂರಬೇಡ, ಸೋಮವಾರದೊಳಗೆ ಮುಟ್ಟಿಸು ಅಂತ ಗದರಿದ್ದೇನೆ.

ಓಣಿಯವರು ಬಂದು ಹೆದರಿಸಿದ್ದು ಓದಿ ಹೊಟ್ಟೆ ಉರಿಯಿತು. ನನ್ನಿಂದ ನಿನ್ನ ಒಲೆಯ ಸರದಿ ಹೋಗುವುದು ಬೇಡ. ಸ್ಪಷ್ಟವಾಗಿ ಬರೆ ಅಂದೆಯಲ್ಲ, ಬರೆಯುತ್ತೇನೆ. ಮಂಗಳವಾರ ಮಧ್ಯಾಹ್ನದಿಂದ ನಮ್ಮ ಹುಡುಗರು ಗೋಪುರ ಹತ್ತುತ್ತಾರೆ. ಮೂರು ಹೊಡೆದರೂ ಸರಿ, ಮೂವತ್ತು ಹೊಡೆದರೂ ಸರಿ, ಅವತ್ತು ನಮ್ಮ ತೋಪಿಗೆ ಕಿವಿ ಕೊಡಬೇಡ. ಮನೆ ಬಿಟ್ಟು ಕದಲಬೇಡ. ಓಣಿಯವರನ್ನು ಕರೆದು ಇದನ್ನು ಓದಿ ಹೇಳು. ಮೇಲೂರಿನವಳ ಅಣ್ಣನಿಗೂ ತಲೆಯಿದೆ ಅಂತ ಅವರಿಗೆ ತಿಳಿಯಲಿ.

ನದಿಯ ಚಿಂತೆ ಅವತ್ತಿಗೆ ಬೇಡ. ಮಂಜುಗಡ್ಡೆ ಒಡೆಯುವವನು ಸಂತ ಮಥಿಯಾಸ್. ಇದು ಅಧಿಕ ದಿನದ ವರ್ಷ, ಅವನ ಹಬ್ಬ ಒಂದು ದಿನ ಮುಂದೆ ಹೋಗಿ ಬುಧವಾರಕ್ಕೆ ಬಿದ್ದಿದೆ. ಅಜ್ಜ ಹೇಳುತ್ತಿದ್ದದ್ದು ನೆನಪಿದೆಯಲ್ಲ, ತನ್ನ ದಿನಕ್ಕೆ ಮುಂಚೆ ಅವನು ಕೊಡಲಿ ಎತ್ತಿದ್ದೇ ಇಲ್ಲ. ಬುಧವಾರದಿಂದ ನನ್ನ ತೋಪು ಮತ್ತೆ ನಿನ್ನದು.

ತೀಲಿಗೆ ಒಂದು ಮಣ್ಣಿನ ಹಕ್ಕಿ ಕಳಿಸಿದ್ದೇನೆ. ಹೊಟ್ಟೆಗೆ ನೀರು ತುಂಬಿ ಬಾಲದಲ್ಲಿ ಊದಿದರೆ ಹಾಡುತ್ತದೆ. ಕೆಮ್ಮುವ ಮಗು ಊದಬಾರದು ಅಂತ ಕಿತ್ತುಕೊಳ್ಳಬೇಡ. ಕುತ್ತಿಗೆಗೆ ಹಾಕಿಕೊಳ್ಳಲಿ ಅಂತ ನೀಲಿ ದಾರ ಕಟ್ಟಿ ಗೋಪುರದವರ ಗಂಟು ಹಾಕಿದ್ದೇನೆ. ಆ ಗಂಟು ಬಿಚ್ಚುವುದಿಲ್ಲ, ಕತ್ತರಿಸಬೇಕು.

ಕಿಲಿಯಾನ್

ಆಶ್‌ಬರ್ಗ್, ೨ ಮಾರ್ಚ್ ೧೭೮೪

ಬುರ್ಗಲ್,

ದಾರಿ ಕೊಚ್ಚಿಹೋಗಿದೆ, ಸೇತುವೆ ಇಲ್ಲ. ಒಬ್ಬ ಸಿಪಾಯಿ ಬೆಟ್ಟದ ಮೇಲಿನಿಂದ ನಿಮ್ಮ ಕಡೆ ಹೋಗುತ್ತಾನಂತೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದೆ, ಕ್ಷಮಿಸು. ಇಲ್ಲಿ ಮಸಿ ಹೆಪ್ಪುಗಟ್ಟಿದೆ.

ಸೋಮವಾರ ರಾತ್ರಿ ತೆಂಕಣ ಗಾಳಿ ಎದ್ದು ಹಿಮದ ಮೇಲೆ ಮಳೆ ಸುರಿಯತೊಡಗಿತು. ಮಂಗಳವಾರ ಮಧ್ಯಾಹ್ನ ಹುಡುಗರು ವೇಷ ಹಾಕಿಕೊಂಡು ತೋಪು ಹೊಡೆಯುತ್ತಿದ್ದರು. ಗಿರಣಿಯ ಮೇಲ್ಗಡೆ ನದಿ ಎದ್ದು ನಿಂತದ್ದನ್ನು ನಾನು ನೋಡಿದೆ. ಹೌದು, ಎದ್ದು ನಿಂತಿತು. ಮನೆಯಷ್ಟು ದೊಡ್ಡ ಗಡ್ಡೆಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಆಡಿನ ಮುಖವಾಡ ಹಾಕಿದ್ದ ಒಬ್ಬನನ್ನು ಆಚೆ ನೂಕಿ ಕೊಳ್ಳಿ ಕಿತ್ತುಕೊಂಡೆ. "ಏ ಮುದುಕ, ನಿನ್ನ ಸರದಿ ಅಲ್ಲ" ಅಂತ ಅವನು ನಗುತ್ತಿದ್ದ.

ಮೂರು ಹೊಡೆದೆ. ನಡುವೆ ಪ್ರಾರ್ಥನೆ ಹೇಳಿದೆ, ಒಂದು ಪದವನ್ನೂ ನುಂಗಲಿಲ್ಲ. ಮತ್ತೆ ಮೂರು ಹೊಡೆದೆ. ಮದ್ದು ಮುಗಿಯುವವರೆಗೆ ಹಾಗೇ ಹೊಡೆದೆ. ಬೇರೆಯವರಿಗೆ ತಿಳಿಯದಿದ್ದರೂ ನಿನಗೆ ನನ್ನ ಕೈ ತಿಳಿದಿರುತ್ತದೆ. ತಿಳಿಯಿತು ತಾನೆ?

ಕುನಿ ಇನ್ನೂ ಬಂದಿಲ್ಲ. ಅವಳಂಥ ಸೋಮಾರಿ ಈ ಕಣಿವೆಯಲ್ಲಿ ಇನ್ನೊಬ್ಬಳಿಲ್ಲ, ಬೇಗ ಹೋಗು ಅಂದರೆ ಇನ್ನೂ ನಿಧಾನ ಮಾಡುವವಳು. ಈ ಸಲ ಅವಳು ಗಿರಣಿಯಲ್ಲೇ ಕುಡಿದು ಬಿದ್ದಿರಲಿ ಅಂತ ದೇವರನ್ನು ಬೇಡುತ್ತಿದ್ದೇನೆ.

ಕಿಲಿಯಾನ್

ಆಶ್‌ಬರ್ಗ್, ೧೪ ಮಾರ್ಚ್ ೧೭೮೪

ಬುರ್ಗಲ್,

ನಿಮ್ಮ ಕಡೆಯಿಂದ ಬಂದ ಒಬ್ಬ ಮರದ ತೆಪ್ಪದವನನ್ನು ಕೇಳಿದೆ. ಮೀನುಗಾರರ ಓಣಿ ಇದ್ದ ಕಡೆ ಬರೀ ಮರಳು ಇದೆ ಅಂದ. ಅವನಿಗೆ ಊರು ಸರಿಯಾಗಿ ಗೊತ್ತಿಲ್ಲ, ಬೇರೆ ಯಾವುದೋ ಓಣಿ ನೋಡಿರಬೇಕು.

ನಾನೇ ಹೊರಟು ಬರುತ್ತಿದ್ದೆ. ಸ್ವಲ್ಪ ಜ್ವರವಿದೆ, ವೈದ್ಯ ಬಿಡುತ್ತಿಲ್ಲ. ಸಿಟ್ಟಿದ್ದರೆ ಬೈದು ಬರೆ. ಒಂದು ಸಾಲು ಸಾಕು.

ಕಿಲಿಯಾನ್

ವೈಡೆನ್‌ಫುರ್ಟ್, ೨೧ ಮಾರ್ಚ್ ೧೭೮೪

ಅಣ್ಣನಿಗೆ,

ನಾನಿದ್ದೇನೆ. ಯೋಸ್ಟ್ ಇಲ್ಲ. ತೀಲಿ ಇಲ್ಲ.

ಅವತ್ತು ನನ್ನ ಒಲೆಯ ದಿನ. ಬೆಳಿಗ್ಗೆಯೇ ಹಿಟ್ಟು ಹೊತ್ತುಕೊಂಡು ದಿಬ್ಬ ಹತ್ತಿದೆ. ತೀಲಿಯೂ ಬರುತ್ತೇನೆ ಅಂದಳು. "ಈ ಗಾಳಿಗೆ ಕೆಮ್ಮು ಜಾಸ್ತಿ ಆಗುತ್ತೆ, ಬೆಚ್ಚಗೆ ಮನೇಲಿರು, ಬಿಸಿ ರೊಟ್ಟಿ ತರ್ತೀನಿ" ಅಂದೆ. ಯೋಸ್ಟ್ ದಡದಲ್ಲಿ ದೋಣಿಗೆ ಹಗ್ಗ ಬಿಗಿಯುತ್ತಿದ್ದ. ರೊಟ್ಟಿ ಹೊರತೆಗೆಯುವ ಹೊತ್ತಿಗೆ ಕೆಳಗಡೆ ಗಾಡಿಗಳು ಓಡಿದ ಹಾಗೆ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದಾಗ ಓಣಿ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಮಾತ್ರ ಅವತ್ತು ಸಂಜೆಯವರೆಗೆ ಚೆನ್ನಾಗಿ ಉರಿಯುತ್ತಿತ್ತು.

ಕುನಿ ಆ ವಾರ ನಮ್ಮ ಕಡೆ ಬರಲಿಲ್ಲ. ನಿನ್ನ ಕಾಗದ ನನಗೆ ಸಿಗಲಿಲ್ಲ, ಅದರಲ್ಲಿ ಏನು ಬರೆದಿದ್ದೆಯೋ ಗೊತ್ತಿಲ್ಲ. ತೋಪು ಕೇಳಿಸಿತು. ವೇಷದವರದು ಅಂತ ನಾನೇ ಅಂದುಕೊಂಡೆ, ಓಣಿಯವರಿಗೂ ನಾನೇ ಹಾಗೆ ಹೇಳಿದೆ. ಊರ ಯಜಮಾನರು ಕರೆಸಿ ವಿಚಾರಿಸಿದರು. ಮೇಲೂರಿನವರ ಮೇಲೆ ದೂರು ಕೊಡಬೇಕಂತೆ, ಯಾರನ್ನಾದರೂ ನೇಣಿಗೆ ಹಾಕಿಸಬೇಕಂತೆ. "ನಿಮ್ಮಣ್ಣ ಏನಾದ್ರೂ ಬರೆದಿದ್ನೇನಮ್ಮಾ, ನಿಜ ಹೇಳು" ಅಂದರು. ಇಲ್ಲ ಅಂದೆ. ಇದ್ದದ್ದನ್ನೇ ಹೇಳಿದೆ.

ತೀಲಿ ನಾಲ್ಕನೆಯ ದಿನ ಗದ್ದೆಯಂಚಿನ ಪೇರ್ ಮರದಲ್ಲಿ ಸಿಕ್ಕಳು. ಕುತ್ತಿಗೆಯ ಹಕ್ಕಿ ಒಡೆದಿರಲಿಲ್ಲ. ಹೂಳುವಾಗ ಅದನ್ನು ತೆಗೆಯಬೇಕು ಅಂದರು ಪಾದ್ರಿಗಳು, ಆಟದ ಸಾಮಾನು ಗೋರಿಗೆ ಸಲ್ಲದಂತೆ. ಗಂಟು ಬಿಚ್ಚಲು ನೋಡಿದರು, ಆಗಲಿಲ್ಲ. ಚಾಕು ತರುತ್ತೇನೆ ಅಂದಾಗ ನಾನು ಬಿಡಲಿಲ್ಲ. ಯೋಸ್ಟ್ ಇನ್ನೂ ಸಿಕ್ಕಿಲ್ಲ.

ನನ್ನ ಒಲೆಯ ಸರದಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ನಾನು ರೊಟ್ಟಿ ಸುಡುವ ದಿನ ಆ ಒಲೆಯ ಹತ್ತಿರ ಇನ್ನೊಬ್ಬರು ಬರುವುದಿಲ್ಲ. ಉಳಿದವರು ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರ ಮನೆಯಲ್ಲೂ ಸತ್ತಿದ್ದಾರೆ, ಬಿಡು.

ಕಲ್ಲುಕುಟಿಗ ನಿನ್ನೆ ಹೊಸ ಗೆರೆ ಕೆತ್ತಿದ. ೧೩೪೨ರ ಗೆರೆಗಿಂತ ಒಂದು ಬೆರಳು ಮೇಲೆ. ಆ ಹಳೆಯ ಕಲ್ಲುಕುಟಿಗ ಕುಡಿದಿರಲಿಲ್ಲ.

ನಿನ್ನ ಎರಡೂ ಕಾಗದ ಬಂದವು. ಅಕ್ಷರ ಕೋಳಿ ಕೆದರಿದ ಹಾಗಿದೆ. ಮಸಿ ಹೆಪ್ಪುಗಟ್ಟಿತು ಅಂತ ಯಾರಿಗೆ ಹೇಳುತ್ತೀಯ? ಕುಡಿಯುವುದನ್ನು ಬಿಡು.

ಬುರ್ಗಲ್

ಆಶ್‌ಬರ್ಗ್, ೨೯ ಮಾರ್ಚ್ ೧೭೮೪

ಬುರ್ಗಲ್,

ನಾನು ಕುಡಿದಿರಲಿಲ್ಲ. ನಿನಗೆ ಹೇಳಬಾರದು ಅಂತಿದ್ದೆ. ಮಂಗಳವಾರ ಕೊನೆಯ ಏಟಿಗೆ, ಇನ್ನಷ್ಟು ದೂರ ಕೇಳಲಿ ಅಂತ ಮದ್ದು ಹೆಚ್ಚು ತುರುಕಿದೆ. ತೋಪು ಸಿಡಿಯಿತು. ಬಲಗೈ ಮುಂಗೈವರೆಗೆ ಹೋಗಿದೆ. ಇದು ಎಡಗೈ ಬರಹ.

ಕುನಿ ಬರಲಿಲ್ಲ, ಕಾಗದ ಸಿಗಲಿಲ್ಲ ಅಂತ ಬರೆದಿದ್ದೀಯ. ಓದಿದ ತಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಉಸಿರು ಬಂತು. ನಮ್ಮ ಮಗು ಹೋದ ಸುದ್ದಿ ಅದೇ ಹಾಳೆಯಲ್ಲಿತ್ತು, ಆದರೂ ಉಸಿರು ಬಂತು. ಅವತ್ತು ರಾತ್ರಿ ನಿದ್ದೆಯನ್ನೂ ಮಾಡಿದೆ.

ಬೆಳಿಗ್ಗೆ ಎದ್ದು ಇನ್ನೊಮ್ಮೆ ಓದಿದೆ. ಬುರ್ಗಲ್, ಆ ಹಕ್ಕಿಯ ದಾರಕ್ಕೆ ಗಂಟು ಹಾಕಿದವನು ನಾನು. ಎರಡು ಕೈಯಿದ್ದಾಗ ಹಾಕಿದ ಕೊನೆಯ ಗಂಟು ಅದು. ಕಾಗದದ ಜೊತೆಗೇ ಕಟ್ಟಿ ಕಳಿಸಿದ್ದೆ.

ನೀನು ಓಡುವವಳು. ಕೂರು ಅಂದವನು ನಾನು. ನನ್ನ ಪಾಪವನ್ನು ತಲೆಯ ಮೇಲೆ ಹೊತ್ತುಕೊಂಡು ಆ ಊರಿನಲ್ಲಿ ಒಬ್ಬಳೇ ಓಡಾಡುತ್ತಿದ್ದೀಯ. ಸಾಕು. ಈಗ ಜ್ವರ ಇಳಿದಿದೆ. ನಿಮ್ಮ ಯಜಮಾನರ ಮುಂದೆ ಬಂದು ನಿಂತು ಕಾಗದ ನನ್ನದು ಅನ್ನುತ್ತೇನೆ. ಬಾಲ್ಟಸ್ ಬದುಕಿದ್ದರೆ ಅವನ ಮುಂದೆ ನಿಂತೂ ಹೇಳುತ್ತೇನೆ. ಏನು ಬೇಕಾದರೂ ಮಾಡಲಿ.

ಕಿಲಿಯಾನ್

ವೈಡೆನ್‌ಫುರ್ಟ್, ೪ ಏಪ್ರಿಲ್ ೧೭೮೪

ಅಣ್ಣ,

ಯಜಮಾನರ ಮುಂದೆ ಬರಬೇಡ.

ಹೌದು, ಕುನಿ ಬಂದಿದ್ದಳು. ಜನ್ಮದಲ್ಲಿ ಒಂದೇ ಸಲ ಹೇಳಿದ ದಿನಕ್ಕೆ ಬಂದಳು. ಸೋಮವಾರ ಸಂಜೆ ನೀನು ಹೇಳಿದ ಹಾಗೆ ಓಣಿಯವರನ್ನು ಮನೆಗೆ ಕರೆದು ಓದಿದೆ. ಒಂದು ಹೆಮ್ಮೆಯೂ ಇತ್ತು ನನಗೆ, ಸುಳ್ಳಾಡುವುದಿಲ್ಲ. ಬಾಲ್ಟಸ್ ಎರಡು ಸಲ ಓದಿಸಿದ. "ಪೋಪಿನವನಾದ್ರೂ ಬುದ್ಧಿವಂತ ಕಣಮ್ಮಾ ನಿಮ್ಮಣ್ಣ" ಅಂದ. ಮಳೆ ಅಂತ ಕುನಿಯನ್ನು ನಾನೇ ಉಳಿಸಿಕೊಂಡೆ. ಮಂಗಳವಾರ ತೀಲಿಯ ಜೊತೆ ಮನೆಯಲ್ಲಿದ್ದವಳು ಅವಳೇ.

ದಿಬ್ಬದ ಮೇಲಿದ್ದಾಗ ನಿನ್ನ ಮೂರು ಏಟು ಕೇಳಿದೆ. ನಡುವಿನ ಪ್ರಾರ್ಥನೆಯ ಬಿಡುವೂ ತಿಳಿಯಿತು. ಇದು ಕಿಲಿಯಾನನ ಕೈ ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ ಕಾಗದ ನೆನೆಸಿಕೊಂಡು ಮತ್ತೆ ಒಲೆಯ ಕಡೆ ತಿರುಗಿದೆ. ಇದನ್ನು ಯಾರಿಗೂ ಹೇಳಿಲ್ಲ. ನೀನೂ ನಿನ್ನ ಕೈಯ ವಿಷಯ ಹೇಳಿರಲಿಲ್ಲ, ಲೆಕ್ಕ ಸರಿಹೋಯಿತು.

ಅವತ್ತು ಓದಿದ್ದನ್ನು ಕೇಳಿದವರಲ್ಲಿ ಉಳಿದಿರುವುದು ಬಾಲ್ಟಸ್ ಒಬ್ಬನೇ. ಕಾಡಿಗೆ ಬುಟ್ಟಿಯ ಕಡ್ಡಿ ಕಡಿಯಲು ಹೋಗಿದ್ದಕ್ಕೆ ಉಳಿದ. ಅವನ ಹೆಂಡತಿ ಹೋದಳು, ಇಬ್ಬರು ಮಕ್ಕಳು ಹೋದರು. ಯಜಮಾನರು ಅವನನ್ನೂ ಕರೆಸಿ ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಈಗ ಹೇಳುತ್ತಾನೆ, ಮುಗಿಯಿತು ಅಂದುಕೊಂಡೆ. "ಕಾಗದನೂ ಇಲ್ಲ ಗೀಗದನೂ ಇಲ್ಲ ಸ್ವಾಮಿ. ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇಯ" ಅಂದ. ಹೊರಗೆ ಬಂದವನು ನನ್ನ ಕಡೆ ನೋಡಲೂ ಇಲ್ಲ. ಯಾಕೆ ಹಾಗೆ ಹೇಳಿದ ಅಂತ ಕೇಳುವ ಧೈರ್ಯ ನನಗಿಲ್ಲ. ನೀನು ಬಂದು ಬಾಯಿ ಬಿಟ್ಟರೆ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ. ಅವನ ಹತ್ತಿರ ಉಳಿದಿರುವುದು ಆ ಒಂದು ಮಾತೇ.

ಆದ್ದರಿಂದ ಬಾಯಿ ಮುಚ್ಚಿಕೊಂಡು ಬಾ. ಕೆಳಬಾಗಿಲಿನಿಂದ ಬರಬೇಡ, ಆ ಗೆರೆಯ ಕೆಳಗೆ ಯಾರೂ ಈಗ ಮಕ್ಕಳನ್ನು ನಿಲ್ಲಿಸುವುದಿಲ್ಲ, ನೋಡಲಾಗದು. ಬೆಟ್ಟದ ದಾರಿಯಿಂದ ನೇರ ಒಲೆಮನೆಗೆ ಬಾ. ಈಸ್ಟರ್ ಕಳೆದ ಮಂಗಳವಾರ ಬಾ, ಅವತ್ತು ಅಲ್ಲಿ ನಾನಲ್ಲದೆ ಬೇರೆ ಯಾರೂ ಇರುವುದಿಲ್ಲ. ಒಂದು ಕೈಯಲ್ಲಿ ರೊಟ್ಟಿ ಮುರಿಯಲು ಬರುವುದಿಲ್ಲ, ನಾನು ಮುರಿದು ಕೊಡುತ್ತೇನೆ.

ಬುರ್ಗಲ್